ಲಕ್ಷ ಕಿಮೀ ದಾಟಿದ ಕಾರಿಗೆ ಇಂಜಿನ್ ಆಯಿಲ್ ಯಾವಾಗ ಬದಲಿಸಬೇಕು?

ತುಮಕೂರಿನಿಂದ ಪೀಣ್ಯಕ್ಕೆ ದಿನಾ ಕಾರಿನಲ್ಲಿ ಹೋಗಿ ಬರುತ್ತೇನೆ. ಒಂದು ಕಡೆಗೆ 58 ಕಿಮೀ. 2013ರ ಪೆಟ್ರೋಲ್ ಕಾರು, ಮೀಟರ್ ಈಗ ಎರಡು ಲಕ್ಷದ ಹತ್ತಿರ ಬಂದಿದೆ. ಎರಡು ವರ್ಷದ ಹಿಂದೆ, 1,31,000 ಆಗಿದ್ದಾಗ, ಒಂದು ರಾತ್ರಿ ಮನೆಗೆ ಬರುತ್ತಿದ್ದೆ. ದಾಬಸ್‌ಪೇಟೆ ಹತ್ತಿರ ಎದುರಿನ ಲಾರಿ ನಿಧಾನ ಮಾಡಿತು, ನಾನೂ ಬ್ರೇಕ್ ಒತ್ತಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್ ಕ್ಯಾನ್ ಗುರುತಿನ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿನುಗಿತು. ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ.

ಮರುದಿನ ಗಾಡಿಯನ್ನು ಎಳೆಸಿಕೊಂಡು ಹೋಗಿ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಅವರು ಇಂಜಿನ್ ತಳದಲ್ಲಿ ಆಯಿಲ್ ಇಳಿಸುವ ಚೇಂಬರ್ ಬೋಲ್ಟ್ ಬಿಚ್ಚಿದಾಗ ಕೆಳಗಿನ ತಟ್ಟೆಗೆ ಬಂದಿದ್ದು ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇರಬೇಕಾಗಿದ್ದು ಮೂರು ಲೀಟರ್. "ಸಾರ್, ಇದ್ರಲ್ಲಿ ಆಯಿಲ್ಲೇ ಇಲ್ವಲ್ಲ" ಅಂದರು. ನಾನು ಆಯಿಲ್ ಬದಲಿಸಿ ಏಳು ಸಾವಿರ ಕಿಮೀ ಆಗಿತ್ತು. ಪುಸ್ತಕದ ಪ್ರಕಾರ ಇನ್ನೂ ಮೂರು ಸಾವಿರ ಬಾಕಿ. ಲೆಕ್ಕ ತಪ್ಪದೆ ಸರ್ವಿಸ್ ಮಾಡಿಸುತ್ತಿದ್ದೆ. ಆದರೆ ನಡುವೆ ಒಂದು ದಿನವೂ ಬಾನೆಟ್ ಎತ್ತಿ ನೋಡಿರಲಿಲ್ಲ.

ಆವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಹಳೆ ಕಾರಿನ ವಿಷಯ ಬಂದಾಗ ಎಲ್ಲರೂ ಕೇಳುವುದು "ಎಷ್ಟು ಕಿಮೀಗೆ ಬದಲಿಸಬೇಕು" ಅಂತ. ಆ ಸಂಖ್ಯೆ ಬೇಕು, ನಿಜ. ಅದನ್ನು ನಿಮ್ಮ ಗಾಡಿಗೆ, ನಿಮ್ಮ ದಾರಿಗೆ ತಕ್ಕ ಹಾಗೆ ಹೇಗೆ ಹಾಕಿಕೊಳ್ಳಬೇಕು ಅಂತ ಇಲ್ಲಿ ಹೇಳುತ್ತೇನೆ. ಆದರೆ ಎರಡು ಬದಲಾವಣೆಗಳ ನಡುವೆ ಆಯಿಲ್ ಎಷ್ಟಿದೆ ಅಂತ ನೋಡದೆ ಹೋದರೆ ಯಾವ ಸಂಖ್ಯೆಯೂ ಇಂಜಿನ್ನನ್ನು ಉಳಿಸುವುದಿಲ್ಲ.

ಮೊದಲು ಮ್ಯಾನುಯಲ್ ತೆಗೆಯಿರಿ

ಗ್ಲೋವ್ ಬಾಕ್ಸ್‌ನಲ್ಲಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಆಗಿದ್ದು ಪುಸ್ತಕ ಸಿಗದಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಮಾರುತಿ, ಹ್ಯುಂಡೈ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 10,000 ಕಿಮೀ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಇರುತ್ತದೆ. ಇಲ್ಲಿಗೆ ಓದು ನಿಲ್ಲಿಸುವವರೇ ಜಾಸ್ತಿ. ಅದರ ಪಕ್ಕದಲ್ಲೋ ಕೆಳಗೋ ಕಠಿಣ ಬಳಕೆಗೆ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಅದರಲ್ಲಿ ಆಯಿಲ್‌ನ ಅವಧಿ ಎಷ್ಟೋ ಸಲ ಅರ್ಧಕ್ಕೆ ಇಳಿದಿರುತ್ತದೆ.

ಕಠಿಣ ಬಳಕೆ ಅಂದರೆ ಏನು ಅಂತಲೂ ಅಲ್ಲೇ ಬರೆದಿರುತ್ತಾರೆ. ಧೂಳಿನ ರಸ್ತೆ, ನಿಂತು ನಿಂತು ಸಾಗುವ ಟ್ರಾಫಿಕ್, ತುಂಬಾ ಹೊತ್ತು ಐಡಲ್‌ನಲ್ಲಿ, ಅಂದರೆ ಇಂಜಿನ್ ಆನ್ ಇಟ್ಟು ನಿಲ್ಲುವುದು, ಪದೇ ಪದೇ ಚಿಕ್ಕ ಓಡಾಟ. ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗಿ ಬರುವ ಯಾರೇ ಆದರೂ ಈ ಪಟ್ಟಿಯಲ್ಲಿ ತಮ್ಮ ದಿನಚರಿಯನ್ನೇ ಕಾಣುತ್ತಾರೆ, ಅಲ್ವಾ? ನಮಗೆ ಇದೇ ಸಾಮಾನ್ಯ ಬಳಕೆ. ಪುಸ್ತಕದ ಕಣ್ಣಿಗೆ ಮಾತ್ರ ಇದು ಕಠಿಣ.

ಕಿಮೀ ಬಿಟ್ಟು ಗಂಟೆ ಎಣಿಸಿ

ಹಳ್ಳಿ ಕಡೆ ಟ್ರ್ಯಾಕ್ಟರ್ ಇಟ್ಟುಕೊಂಡವರನ್ನು, ಜೆಸಿಬಿ ಓಡಿಸುವವರನ್ನು ಕೇಳಿ. ಅವರು ಕಿಮೀ ಮಾತೇ ಆಡುವುದಿಲ್ಲ. ಟ್ರ್ಯಾಕ್ಟರ್‌ನಲ್ಲಿ ಅವರ್ ಮೀಟರ್ ಇರುತ್ತದೆ. ಹಲವು ಮಾಡೆಲ್‌ಗಳಲ್ಲಿ 250 ಗಂಟೆಗೆ ಆಯಿಲ್ ಬದಲಿಸಿ ಅಂತ ಇರುತ್ತದೆ. ಹೊಲದಲ್ಲಿ ದಿನವಿಡೀ ಉತ್ತರೂ ಗಾಡಿ ಸಾಗಿದ ದೂರ ಕಡಿಮೆಯೇ, ಆದರೆ ಇಂಜಿನ್ ಅಷ್ಟೂ ಹೊತ್ತು ದುಡಿದಿರುತ್ತದೆ. ಸಿಗ್ನಲ್‌ನಲ್ಲಿ ನಿಂತ ಕಾರಿನ ಕಥೆಯೂ ಇದೇ. ಚಕ್ರ ತಿರುಗದಿದ್ದರೂ ಒಳಗೆ ಬೆಂಕಿ ಉರಿಯುತ್ತಲೇ ಇದೆ, ಮಸಿ ಆಯಿಲ್‌ಗೆ ಇಳಿಯುತ್ತಲೇ ಇದೆ. ಕಾರಿನ ಮೀಟರ್‌ಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಕಾರಿನಲ್ಲಿ ಅವರ್ ಮೀಟರ್ ಇಲ್ಲದಿದ್ದರೂ ಗಂಟೆ ಲೆಕ್ಕ ಹಾಕುವುದು ಸುಲಭ. ಹೊಸ ಗಾಡಿಗಳಲ್ಲಿ ಸರಾಸರಿ ವೇಗ ಪರದೆ ಮೇಲೆಯೇ ಬರುತ್ತದೆ. ಇಲ್ಲದಿದ್ದರೆ ಒಂದು ವಾರ ಹೊರಟ ಹೊತ್ತು, ಮುಟ್ಟಿದ ಹೊತ್ತು ಬರೆದಿಡಿ. ಓಡಿದ ಕಿಮೀಯನ್ನು ತಗುಲಿದ ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ. ಆಮೇಲೆ 10,000ವನ್ನು ಆ ವೇಗದಿಂದ ಭಾಗಿಸಿ. ಹತ್ತು ಸಾವಿರ ಕಿಮೀ ಓಡಲು ನಿಮ್ಮ ಇಂಜಿನ್ ಎಷ್ಟು ಗಂಟೆ ದುಡಿಯುತ್ತದೆ ಅಂತ ಗೊತ್ತಾಗುತ್ತದೆ.

ನನ್ನದೇ ಲೆಕ್ಕ ನೋಡಿ. 58 ಕಿಮೀಗೆ ಒಂದು ಗಂಟೆ 25 ನಿಮಿಷ. ಕ್ಯಾತ್ಸಂದ್ರದಿಂದ ನೆಲಮಂಗಲದ ತನಕ ಆರಾಮಾಗಿ ಓಡುತ್ತದೆ, ಆಮೇಲೆ ತೆವಳುತ್ತದೆ. ಸರಾಸರಿ 41 ಕಿಮೀ. ಹತ್ತು ಸಾವಿರ ಕಿಮೀಗೆ ಸುಮಾರು 244 ಗಂಟೆ.

ನನ್ನ ಭಾವಮೈದ ಮಾರತ್ತಹಳ್ಳಿ ಕಡೆಯಿಂದ ವೈಟ್‌ಫೀಲ್ಡ್ ದಿಕ್ಕಿಗೆ ಹೋಗುತ್ತಾನೆ. 12 ಕಿಮೀಗೆ 50 ನಿಮಿಷ, ಅಂದರೆ ಗಂಟೆಗೆ 14 ಕಿಮೀ ಚಿಲ್ಲರೆ. "ಭಾವ, ನಂದು ವರ್ಷಕ್ಕೆ ಏಳು ಸಾವಿರಾನೂ ಓಡಲ್ಲ, ನಿಮ್ಮಷ್ಟು ಆಯಿಲ್ ಖರ್ಚು ನಂಗಿಲ್ಲ" ಅನ್ನುತ್ತಿದ್ದ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ 24 ದಿನ ಹಿಡಿದರೆ ಅವನು ಆರು ತಿಂಗಳಲ್ಲಿ ಓಡಿಸುವುದು ಬರೀ 3,450 ಕಿಮೀ. ಇಂಜಿನ್ ಉರಿದದ್ದು 240 ಗಂಟೆ. ನನ್ನ ಗಾಡಿ ಹತ್ತು ಸಾವಿರ ಕಿಮೀಗೆ ದುಡಿಯುವಷ್ಟನ್ನೇ ಅವನದು ಮೂರೂವರೆ ಸಾವಿರ ಕಿಮೀಗೆ ದುಡಿದಿದೆ. ಅವನು ವರ್ಷಕ್ಕೊಮ್ಮೆ ಬದಲಿಸುತ್ತಿದ್ದ. ಹಾಗಾದರೆ ಒಂದೇ ಆಯಿಲ್‌ನಲ್ಲಿ 480 ಗಂಟೆ.

ಐಡಲ್‌ನಲ್ಲಿ ಕಳೆದ ಒಂದು ಗಂಟೆಯೂ ಹೈವೇಯಲ್ಲಿ ಎಳೆದ ಒಂದು ಗಂಟೆಯೂ ಪಕ್ಕಾ ಒಂದೇ ಅಲ್ಲ. ಹೈವೇಯಲ್ಲಿ ಇಂಜಿನ್ ಮೇಲೆ ಭಾರ ಜಾಸ್ತಿ, ಆದರೆ ಗಾಳಿ ಆಡುತ್ತದೆ, ಉರಿಯೂ ಚೆನ್ನಾಗಿ ಆಗುತ್ತದೆ. ಹಾಗಾಗಿ ಇದನ್ನು ಅಂದಾಜು ಲೆಕ್ಕ ಅಂತಲೇ ಇಟ್ಟುಕೊಳ್ಳಿ. ಆದರೂ ಬರೀ ಕಿಮೀ ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಟಾಮ್‌ಟಾಮ್ ಸಂಸ್ಥೆಯ 2022ರ ಪಟ್ಟಿಯಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಮೀ ಸಾಗಲು 29 ನಿಮಿಷ 10 ಸೆಕೆಂಡ್ ಬೇಕು ಅಂತ ಬಂದಿತ್ತು. ಅಂದರೆ ಗಂಟೆಗೆ ಸುಮಾರು 20 ಕಿಮೀ. ಆ ವೇಗದಲ್ಲಿ ಹತ್ತು ಸಾವಿರ ಕಿಮೀ ಅಂದರೆ ಐನೂರು ಗಂಟೆ ಹತ್ತಿರ.

ಇನ್ನೊಂದು ಬಗೆಯ ಗಾಡಿಗಳಿವೆ: ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ತರಕಾರಿ ತಂದು ನಿಲ್ಲಿಸಿಬಿಡುವಂಥವು. ಎರಡು ಮೂರು ಕಿಮೀ ಓಡಾಟ. ಇಂಜಿನ್ ತಂಪಿಡುವ ದ್ರವ, ಅಂದರೆ ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ಬಿಸಿಯಾಗುವುದು ನಿಧಾನ. ತಣ್ಣಗಿನ ಇಂಜಿನ್‌ನಲ್ಲಿ ಉರಿದಾಗ ಆಗುವ ನೀರಿನ ಪಸೆ, ಉರಿಯದೆ ಉಳಿದ ಪೆಟ್ರೋಲ್, ಎರಡೂ ಆಯಿಲ್‌ನಲ್ಲೇ ಉಳಿದುಬಿಡುತ್ತವೆ. ಇಂಥ ಗಾಡಿಗೆ ಕಿಮೀ ನೋಡಲೇಬೇಡಿ. ಆರು ತಿಂಗಳಿಗೊಮ್ಮೆ ಬದಲಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ನೇರವಾಗಿ ಓಡಿಸಿ.

ಗಾಡಿ ಎಷ್ಟು ಆಯಿಲ್ ಕುಡಿಯುತ್ತದೆ ಅಂತ ಅಳೆಯಿರಿ

ಲಕ್ಷ ದಾಟಿದ ಇಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಪೆಟ್ರೋಲ್ ಉರಿಯುವ ಜಾಗಕ್ಕೆ ಆಯಿಲ್ ಹೋಗದ ಹಾಗೆ ತಡೆಯುವ ಪಿಸ್ಟನ್ ರಿಂಗ್ ಸವೆದಿರುತ್ತದೆ, ವಾಲ್ವ್ ಸೀಲ್ ಗಟ್ಟಿಯಾಗಿರುತ್ತದೆ. ಸಾವಿರ ಕಿಮೀಗೆ ಒಂದು ಲೀಟರ್ ತನಕ ಪರವಾಗಿಲ್ಲ ಅನ್ನುವ ಮ್ಯಾನುಯಲ್‌ಗಳೂ ಇವೆ. ನನ್ನ ಮಟ್ಟಿಗೆ ಅದು ತುಂಬಾ ಉದಾರ. ಮೂರು ಲೀಟರ್ ಹಿಡಿಯುವ ಚಿಕ್ಕ ಇಂಜಿನ್‌ನಲ್ಲಿ ಆ ಲೆಕ್ಕಕ್ಕೆ ಎರಡು ಸಾವಿರ ಕಿಮೀ ಆಗುವಷ್ಟರಲ್ಲಿ ದಾಬಸ್‌ಪೇಟೆಯಲ್ಲಿ ನನಗಾದದ್ದೇ ಆಗುತ್ತದೆ.

ಅಳೆಯುವುದು ಹೀಗೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ ಬಾನೆಟ್ ಎತ್ತಿ. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ. ಮತ್ತೆ ಪೂರ್ತಿ ಒಳಗೆ ತಳ್ಳಿ, ಒಂದು ಕ್ಷಣ ಬಿಟ್ಟು ನೇರವಾಗಿ ಎಳೆಯಿರಿ. ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬೇಡಿ, ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಕೂಡ ಕಡ್ಡಿಗೆ ಮೆತ್ತಿರುತ್ತದೆ. ತುದಿಯಲ್ಲಿ ಎರಡು ತೂತೋ ಎರಡು ಗೆರೆಯೋ ಇರುತ್ತವೆ. ಕಡ್ಡಿಯ ಎರಡೂ ಮುಖ ನೋಡಿ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಕಂಡರೆ ಕಡಿಮೆ ಇರುವುದೇ ಸರಿ. ಹೆಚ್ಚಿನ ಕಾರುಗಳಲ್ಲಿ ಎರಡು ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರ್.

ಮೇಲಿನ ಗೆರೆಗೆ ಸರಿಯಾಗಿ ಆಯಿಲ್ ತುಂಬಿ, ಮೀಟರ್ ಬರೆದುಕೊಳ್ಳಿ. ಸಾವಿರ ಕಿಮೀ ಆದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮತ್ತೆ ನೋಡಿ. ಒಣಗಿದ ಅಳತೆ ಲೋಟದಲ್ಲಿ ಒಂದು ಸಲಕ್ಕೆ ನೂರು ಎಂಎಲ್‌ನಂತೆ ಹಾಕುತ್ತಾ ಹೋಗಿ. ಪ್ರತಿ ಸಲ ಐದು ನಿಮಿಷ ಕಾಯಿರಿ, ಆಯಿಲ್ ಕೆಳಗೆ ಇಳಿಯಬೇಕು. ಮೇಲಿನ ಗೆರೆ ಮುಟ್ಟಲು ಎಷ್ಟು ಹಾಕಿದಿರೋ ಅಷ್ಟೇ ನಿಮ್ಮ ಗಾಡಿ ಕುಡಿದದ್ದು. ಗೆರೆ ದಾಟಿಸಬೇಡಿ. ಜಾಸ್ತಿಯಾದರೆ ಕ್ರ್ಯಾಂಕ್ ತಿರುಗುವಾಗ ಮಜ್ಜಿಗೆ ಕಡೆದ ಹಾಗೆ ಆಯಿಲ್ ನೊರೆ ಏಳುತ್ತದೆ. ನೊರೆ ಆದ ಆಯಿಲ್‌ಗೆ ಬೇರಿಂಗ್ ಕಾಯುವ ಶಕ್ತಿ ಇರುವುದಿಲ್ಲ.

ಬಣ್ಣ ನೋಡಿ ತೀರ್ಮಾನ ಮಾಡುವುದು ಬೇಡ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ, ಅದು ಮಸಿಯನ್ನು ಹಿಡಿದುಕೊಳ್ಳುವ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಸಿಎನ್‌ಜಿಯಲ್ಲಿ ಇದು ತಿರುಗಾಮುರುಗಾ. ಮಸಿ ಇಲ್ಲದ್ದರಿಂದ ಆಯಿಲ್ ಜೇನಿನ ಬಣ್ಣದಲ್ಲೇ ಇರುತ್ತದೆ, ಆದರೆ ಶಾಖಕ್ಕೆ ಒಳಗೊಳಗೇ ಹಳಸಿರುತ್ತದೆ. ಎಷ್ಟೋ ಜನ ಇದನ್ನು ನೋಡಿ ಮೋಸ ಹೋಗುತ್ತಾರೆ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ಮಾತ್ರ ಗಾಡಿ ತೆಗೆಯಲೇಬೇಡಿ, ಕೂಲೆಂಟ್ ಬೆರೆತಿರುವ ಸಾಧ್ಯತೆ ಇದೆ. ಪೆಟ್ರೋಲ್ ವಾಸನೆ ಜೋರಾಗಿ ಬಂದರೂ ಮೆಕ್ಯಾನಿಕ್‌ಗೆ ತೋರಿಸಿ. ಬಿಎಸ್6 ಡೀಸೆಲ್ ಇಟ್ಟುಕೊಂಡವರು ಆಯಿಲ್ ಮಟ್ಟ ಇಳಿಯುವುದನ್ನಷ್ಟೇ ಅಲ್ಲ, ಏರುವುದನ್ನೂ ಗಮನಿಸಬೇಕು. ಹೊಗೆಯ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುವಾಗ ಸ್ವಲ್ಪ ಡೀಸೆಲ್ ಆಯಿಲ್‌ಗೆ ಇಳಿಯಬಹುದು. ಅಲ್ಲಿ ಮೇಲಿನ ಗೆರೆ ದಾಟಿದರೆ ಕಿಮೀ ಎಷ್ಟೇ ಆಗಿರಲಿ, ಬದಲಿಸಬೇಕು.

ಆ ಕೆಂಪು ದೀಪದ ಬಗ್ಗೆಯೂ ಒಂದು ಮಾತು. ಆಯಿಲ್ ಕಡಿಮೆಯಾಗಿದೆ ಅಂತ ಮುಂಚೆಯೇ ಎಚ್ಚರಿಸಲು ಅದು ಇರುವುದಲ್ಲ. ಆಯಿಲ್‌ನ ಒತ್ತಡ ಬಿದ್ದಾಗ ಅದು ಹತ್ತುತ್ತದೆ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಉಳಿದ ಸ್ವಲ್ಪ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್‌ಗೆ ಗಾಳಿ ಸಿಕ್ಕಿದ್ದರಿಂದಲೇ ನನ್ನದು ಮಿನುಗಿದ್ದು. ದೀಪ ಕಂಡರೆ ಮುಂದಿನ ಬಂಕ್ ತನಕ ಹೋಗೋಣ ಅನ್ನಬೇಡಿ. ಅಲ್ಲೇ ಪಕ್ಕಕ್ಕೆ ಹಾಕಿ, ಆಫ್ ಮಾಡಿ.

ಈಗ ನಿಮ್ಮ ಸಂಖ್ಯೆ ಹಾಕಿಕೊಳ್ಳಿ

ಇದು ನನ್ನ ಲೆಕ್ಕ. ಮ್ಯಾನುಯಲ್ ಹೇಳಿದ್ದಕ್ಕಿಂತ ಮುಂದಕ್ಕೆ ಮಾತ್ರ ಯಾವತ್ತೂ ಹೋಗುವುದಿಲ್ಲ, ಎಷ್ಟೇ ದುಬಾರಿ ಸಿಂಥೆಟಿಕ್ ಹಾಕಿದರೂ ಸರಿ.

ಮ್ಯಾನುಯಲ್‌ನಲ್ಲಿ 10,000 ಇದ್ದು, ಸರಾಸರಿ ವೇಗ 35ಕ್ಕಿಂತ ಮೇಲಿದ್ದು, ಸಾವಿರ ಕಿಮೀಗೆ 100 ಎಂಎಲ್ ಒಳಗೆ ಕುಡಿದರೆ ಆ ಹತ್ತು ಸಾವಿರಕ್ಕೇ ಹೋಗಿ. ಹಳೆ ಗಾಡಿ ಅನ್ನುವ ಒಂದೇ ಕಾರಣಕ್ಕೆ ಸುಮ್ನೆ ಮೂರು ಸಾವಿರಕ್ಕೆ, ನಾಲ್ಕು ಸಾವಿರಕ್ಕೆ ಬದಲಿಸುವುದು ದುಡ್ಡು ಚೆಲ್ಲಿದ ಹಾಗೆ. ಸರಾಸರಿ 20ರಿಂದ 35 ಇದ್ದರೆ 7,500ರ ಹತ್ತಿರ ನಿಲ್ಲಿಸಿ. 20ಕ್ಕಿಂತ ಕಡಿಮೆ ಇದ್ದರೆ 5,000 ಅಥವಾ ಆರು ತಿಂಗಳು, ಯಾವುದು ಮೊದಲೋ ಅದು.

ಗಾಡಿ ಸಾವಿರಕ್ಕೆ 100ರಿಂದ 300 ಎಂಎಲ್ ಕುಡಿಯುತ್ತಿದ್ದರೆ ಮೇಲಿನ ಸಂಖ್ಯೆಯಿಂದ ಸಾವಿರವೋ ಎರಡು ಸಾವಿರವೋ ಕಳೆಯಿರಿ. ನಡುನಡುವೆ ಹೊಸ ಆಯಿಲ್ ಸುರಿಯುತ್ತಿದ್ದೇನಲ್ಲ, ಇನ್ನೇಕೆ ಬದಲಿಸಬೇಕು ಅಂತ ಕೆಲವರು ಕೇಳುತ್ತಾರೆ. ಸುರಿದದ್ದು ಮಟ್ಟ ಏರಿಸುತ್ತದೆ, ಫಿಲ್ಟರ್‌ನಲ್ಲಿ ಸೇರಿದ ಕೊಳೆ ತೆಗೆಯುವುದಿಲ್ಲ. ರಿಂಗ್‌ಗಳಿಗೆ ಕಾರ್ಬನ್ ಕಟ್ಟಿಕೊಂಡರೆ ಅವು ಸಿಕ್ಕಿಕೊಂಡು ಇನ್ನೂ ಜಾಸ್ತಿ ಆಯಿಲ್ ಮೇಲೆ ಬಿಡುತ್ತವೆ. ಸ್ವಲ್ಪ ಮುಂಚೆ ಬದಲಿಸಿದರೆ ಈ ಚಕ್ರ ನಿಧಾನವಾಗುತ್ತದೆ.

300 ಎಂಎಲ್ ದಾಟಿದರೆ ಮೊದಲು ಅದು ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕಿಸಿ. ರಾತ್ರಿ ನಿಲ್ಲಿಸುವ ಜಾಗದಲ್ಲಿ ರಟ್ಟು ಹಾಸಿ, ಬೆಳಿಗ್ಗೆ ಕಲೆ ಇದೆಯಾ ನೋಡಿ. ಸಿಗ್ನಲ್‌ನಲ್ಲಿ ನಿಂತು ಹೊರಟಾಗ ನೀಲಿ ಹೊಗೆ ಬರುತ್ತದಾ ಅಂತ ಹಿಂದೆ ಬೈಕ್‌ನಲ್ಲಿ ಬರುವ ಗೆಳೆಯರನ್ನು ಕೇಳಿ. ಬಂದರೆ ವಾಲ್ವ್ ಸೀಲ್ ಮೇಲೆ ಮೊದಲ ಅನುಮಾನ. ನನ್ನ ಗಾಡಿಯಲ್ಲಿ ಇಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್‌ನ ಪ್ಯಾಕಿಂಗ್ ಒಸರುತ್ತಿತ್ತು, ಜೊತೆಗೆ ಇಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡಿತ್ತು. ಎರಡೂ ದೊಡ್ಡ ಖರ್ಚಲ್ಲ. ಸಾವಿರಕ್ಕೆ 280ರ ಹತ್ತಿರ ಕುಡಿಯುತ್ತಿದ್ದದ್ದು 120ಕ್ಕೆ ಇಳಿಯಿತು. ಅದಕ್ಕೇ ನಾನು 8,000ಕ್ಕೆ ಬದಲಿಸುತ್ತೇನೆ. ನನ್ನ ಓಡಾಟಕ್ಕೆ ಅದು ಮೂರು ತಿಂಗಳಿಗೆ ಒಂದು ಸಲ.

ಟರ್ಬೊ ಇರುವ ಡೀಸೆಲ್, ಟೈಮಿಂಗ್ ಚೈನ್ ಇರುವ ಇಂಜಿನ್ ಆದರೆ ಅವಧಿ ಎಳೆಯುವ ಯೋಚನೆಯನ್ನೇ ಬಿಡಿ. ಟರ್ಬೊದ ಬೇರಿಂಗ್‌ಗೂ ಚೈನ್ ಬಿಗಿ ಹಿಡಿಯುವ ಟೆನ್ಷನರ್‌ಗೂ ಆಯಿಲ್ಲೇ ಜೀವ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದೆರಡು ಸೆಕೆಂಡ್ ಗಲಗಲ ಸದ್ದು ಬಂದರೆ ಚೈನ್ ಸಡಿಲಾಗಿರಬಹುದು, ತೋರಿಸಿ.

ಯಾವ ಆಯಿಲ್

ಬ್ರ್ಯಾಂಡ್ ಬಗ್ಗೆ ಜಗಳ ಬೇಡ. ಗ್ರೇಡ್ ಮುಖ್ಯ. 5ಡಬ್ಲ್ಯೂ-30 ಅಂದರೆ ಮೊದಲಿನ ಭಾಗ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ, ಕೊನೆಯ 30 ಅಂದರೆ 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದವಾಗಿರುತ್ತದೆ ಅಂತ. ಹಳೆ ಇಂಜಿನ್‌ಗೆ 20ಡಬ್ಲ್ಯೂ-50 ಹಾಕಿ, ಸದ್ದು ಕಡಿಮೆಯಾಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಸದ್ದು ಕಡಿಮೆಯಾಗಬಹುದು. ಆದರೆ ಇವತ್ತಿನ ಇಂಜಿನ್‌ಗಳ ಸಣ್ಣ ದಾರಿಗಳಲ್ಲಿ ಬೆಳಗಿನ ಹೊತ್ತು ಅದು ಮೇಲಿನ ತನಕ ಏರುವುದು ತಡವಾಗುತ್ತದೆ, ಸವೆತ ಆಗುವುದೇ ಆ ಗಳಿಗೆಯಲ್ಲಿ. ಮ್ಯಾನುಯಲ್‌ನಲ್ಲಿ ಹವೆಗೆ ತಕ್ಕಂತೆ ಒಪ್ಪುವ ಗ್ರೇಡ್‌ಗಳ ಚಾರ್ಟ್ ಇದ್ದರೆ, ಅದರೊಳಗೆ ಒಂದು ಹೆಜ್ಜೆ ಮಂದದ್ದಕ್ಕೆ ಹೋಗಬಹುದು. ಚಾರ್ಟ್ ದಾಟಬೇಡಿ. ಹಾಗೆಯೇ ಹೊಸ ಗಾಡಿಗಳ 0ಡಬ್ಲ್ಯೂ-16 ಹಳೆ ಗಾಡಿಗೆ ಬೇಡ.

ಡಬ್ಬದ ಮೇಲೆ ಎಪಿಐ ದರ್ಜೆ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು ಇರುತ್ತದೆ. ಪೆಟ್ರೋಲ್‌ಗೆ ಎಸ್‌ಎನ್ 2010ರಲ್ಲಿ ಬಂತು, ಎಸ್‌ಪಿ 2020ರಲ್ಲಿ. ಎಸ್‌ಎನ್ ಕೇಳುವ ಗಾಡಿಗೆ ಎಸ್‌ಪಿ ಹಾಕಬಹುದು.

ಬದಲಿಸುವ ದಿನ

ಎದುರಿಗೆ ನಿಂತುಕೊಳ್ಳಿ. ಸೀಲ್ ಇರುವ ಡಬ್ಬ ನಿಮ್ಮ ಕಣ್ಣೆದುರೇ ಒಡೆಯಲಿ. ಇಂಜಿನ್ ಬೆಚ್ಚಗಿರುವಾಗ ಬಿಚ್ಚಿದರೆ ಹಳೆ ಆಯಿಲ್ ಪೂರ್ತಿ ಇಳಿಯುತ್ತದೆ, ಕೊನೆ ಹನಿ ನಿಧಾನ ಆಗುವ ತನಕ ಬಿಡಿಸಿ. ಇಳಿದದ್ದನ್ನು ಅಳೆಯಲು ಹೇಳಿ, ಎಷ್ಟು ಕಡಿಮೆಯಾಗಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ. ಫಿಲ್ಟರ್ ಪ್ರತಿ ಸಲ ಹೊಸದು. ಡ್ರೈನ್ ಬೋಲ್ಟ್‌ನ ವಾಷರ್ ಕೂಡ.

ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಒಳಗೆ ತೊಳೆದುಕೊಡುತ್ತೇವೆ ಅಂದರೆ ಬೇಡ ಅನ್ನಿ. ವರ್ಷಗಟ್ಟಲೆ ಕೂತ ಜಿಡ್ಡು ಒಮ್ಮೆಲೇ ಕಿತ್ತುಬಂದರೆ ಪಂಪ್‌ನ ಬಾಯಿಯ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಒಳಗೆ ಜಿಡ್ಡು ಜಾಸ್ತಿ ಇದೆ ಅನಿಸಿದರೆ ಒಳ್ಳೆ ಆಯಿಲ್ ಹಾಕಿ, ಎರಡು ಸಲ ಮೂರು ಸಾವಿರಕ್ಕೇ ಬದಲಿಸಿ. ನಿಧಾನವಾಗಿ ತಾನೇ ಬಿಡುತ್ತದೆ. ಬೇಗ ಬದಲಿಸುವುದಕ್ಕೆ ಅರ್ಥ ಇರುವುದು ಇಲ್ಲಿ.

ಹಳೆ ಆಯಿಲ್ ಚರಂಡಿಗೆ ಹೋಗದ ಹಾಗೆ ನೋಡಿಕೊಳ್ಳಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮನೆಯಲ್ಲೇ ಬದಲಿಸುವವರು ಡಬ್ಬದಲ್ಲಿ ತುಂಬಿ, ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಆಮೇಲೆ ಒಂದು ಚಿಕ್ಕ ನೋಟ್‌ಬುಕ್ ಗಾಡಿಯಲ್ಲೇ ಇಡಿ. ತಾರೀಖು, ಮೀಟರ್, ಸುರಿದ ಆಯಿಲ್, ಅಷ್ಟೇ. ನಾನು ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಕಡ್ಡಿ ಎಳೆಯುತ್ತೇನೆ. ಭಾವಮೈದ ಈಗ ತಿಂಗಳಿಗೊಮ್ಮೆ ನೋಡುತ್ತಾನೆ, ಜನವರಿ ಮತ್ತು ಜುಲೈನಲ್ಲಿ ಬದಲಿಸುತ್ತಾನೆ. ನನ್ನ ಪುಸ್ತಕದ ಕೊನೆಯ ನಾಲ್ಕು ಸಾಲುಗಳಲ್ಲಿ 100, 120, 120, 150 ಅಂತ ಇದೆ. ಮುಂದಿನ ಸಲ 150 ಎಂಎಲ್ ದಾಟಿದರೆ 8,000ವನ್ನು 7,000ಕ್ಕೆ ಇಳಿಸಿ, ವಾಲ್ವ್ ಸೀಲ್ ನೋಡಿಸಬೇಕು ಅಂತ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ.